ಕತ್ತಲೆಯೇ ಹಲಗೆ, ಟಾರ್ಚೇ ಬಳಪ: ಗಾಳಿಯಲ್ಲಿ ಬೆಳಕಿನ ಚಿತ್ರ ಬರೆಯುವ ಬಗೆ

ದೀಪಾವಳಿಯ ರಾತ್ರಿ ಅಂಗಳದಲ್ಲಿ ಮಗು ಸುರುಸುರು ಬತ್ತಿ ಹಿಡಿದು ಗಾಳಿಯಲ್ಲಿ ಸೊನ್ನೆ ಸುತ್ತುತ್ತದೆ. ನೋಡುವವರ ಕಣ್ಣಿಗೆ ಬೆಂಕಿಯ ಬಳೆಯೊಂದು ಮೂಡಿ ಮಾಯವಾಗುತ್ತದೆ. ಫೋನ್ ತೆಗೆದು ಕ್ಲಿಕ್ಕಿಸಿದರೆ ಬಳೆ ಸಿಗುವುದಿಲ್ಲ. ಸಿಗುವುದು ಕೈ ತುದಿಯಲ್ಲೊಂದು ಬೆಳ್ಳಗಿನ ಉಂಡೆ, ಪಕ್ಕದಲ್ಲಿ ಅಲುಗಾಡಿದ ಮುಖ. ಮರುದಿನ ಯಾರದೋ ಸ್ಟೇಟಸ್‌ನಲ್ಲಿ ಅಂಥದೇ ಬತ್ತಿಯಿಂದ ಬರೆದ ಹೆಸರು ಗಾಳಿಯಲ್ಲಿ ನೆಟ್ಟಗೆ ನಿಂತಿರುತ್ತದೆ. ಎಡಿಟಿಂಗ್ ಮಾಡಿರಬೇಕು ಅನ್ನಿಸುವುದು ಸಹಜ. ಆದರೆ ಅದರ ಅಗತ್ಯವೇ ಇಲ್ಲ. ಕ್ಯಾಮೆರಾದ ಬಾಗಿಲನ್ನು ಸಾಕಷ್ಟು ಹೊತ್ತು ತೆರೆದಿಟ್ಟರೆ ಆ ಹೆಸರು ತಾನಾಗಿಯೇ ದಾಖಲಾಗುತ್ತದೆ. ಈ ಬಗೆಯ ಚಿತ್ರಗಳಿಗೆ ಲೈಟ್ ಪೇಂಟಿಂಗ್ ಎಂಬ ಹೆಸರು ರೂಢಿಯಲ್ಲಿದೆ.

ಕೈಗೆ ಬೇಕಾದದ್ದು ಕಡಿಮೆ: ಒಂದು ಕ್ಯಾಮೆರಾ ಅಥವಾ ಫೋನ್, ಅದು ಅಲುಗದಂತೆ ನಿಲ್ಲಿಸಲು ಸ್ಟ್ಯಾಂಡ್, ಒಂದು ಪುಟ್ಟ ಟಾರ್ಚ್. ತಲೆಗೆ ಬೇಕಾದದ್ದು ಅದಕ್ಕಿಂತ ತುಸು ಜಾಸ್ತಿ. ಯಾವುದು ಯಾವುದನ್ನು ಬೆಳಗುತ್ತದೆ ಎಂಬ ಒಂದು ಲೆಕ್ಕ ಗೊತ್ತಿಲ್ಲದೆ ಹೊರಟರೆ ರಾತ್ರಿಯಿಡೀ ಚಿತ್ರ ಕೆಡುತ್ತಲೇ ಇರುತ್ತದೆ.

## ಕೊಳ್ಳಿಯ ಚಕ್ರ

ಉರಿಯುವ ಕೊಳ್ಳಿಯನ್ನು ಗರಗರ ತಿರುಗಿಸಿದಾಗ ಕಾಣುವ ಬೆಂಕಿಯ ವೃತ್ತಕ್ಕೆ ವೇದಾಂತಿಗಳು ಅಲಾತಚಕ್ರ ಎನ್ನುತ್ತಿದ್ದರು. ಇದ್ದಂತೆ ತೋರುವ, ಆದರೆ ನಿಜಕ್ಕೂ ಇಲ್ಲದ ವಸ್ತುವಿಗೆ ಅದು ಅವರ ಮೆಚ್ಚಿನ ಉದಾಹರಣೆ. ಅಲ್ಲಿ ಚಕ್ರವಿಲ್ಲ, ಓಡುವ ಒಂದು ಕೆಂಡವಿದೆ ಅಷ್ಟೇ. ನಮ್ಮ ಕಣ್ಣು ನೋಡಿದ ಬೆಳಕನ್ನು ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟರೊಳಗೆ ಕೊಳ್ಳಿ ಒಂದು ಸುತ್ತು ಮುಗಿಸಿದರೆ ಚಕ್ರ, ಇಲ್ಲವಾದರೆ ಬರೀ ಬಾಲ.

ಕ್ಯಾಮೆರಾದಲ್ಲಿ ಈ ಹಿಡಿದಿಡುವ ಅವಧಿ ನಮ್ಮ ಕೈಯಲ್ಲಿರುತ್ತದೆ. ಒಳಗಿನ ಬಾಗಿಲಿಗೆ ಶಟರ್ ಎನ್ನುತ್ತಾರೆ. ಹಗಲಿನ ಫೋಟೋಕ್ಕೆ ಅದು ಸೆಕೆಂಡಿನ ಇನ್ನೂರನೇ ಒಂದು ಭಾಗ ತೆರೆದರೂ ಸಾಕು. ಬೆಳಕಿನ ಚಿತ್ರಕ್ಕೆ 10 ಸೆಕೆಂಡ್, 30 ಸೆಕೆಂಡ್, ಕೆಲವೊಮ್ಮೆ ಐದು ನಿಮಿಷ ತೆರೆದಿರಬೇಕು. ಹೀಗೆ ಹೆಚ್ಚು ಹೊತ್ತು ತೆರೆದಿಟ್ಟು ತೆಗೆಯುವುದೇ ಲಾಂಗ್ ಎಕ್ಸ್‌ಪೋಷರ್.

ಬಾಗಿಲಿನ ಹಿಂದಿರುವ ಸೆನ್ಸರ್ ಎಂದರೆ ಸಾಲಾಗಿ ಜೋಡಿಸಿದ ಕೋಟ್ಯಂತರ ಪುಟ್ಟ ಬೋಗುಣಿಗಳು ಅಂದುಕೊಳ್ಳಿ. ಬಿದ್ದ ಬೆಳಕನ್ನು ಅವು ತುಂಬಿಕೊಳ್ಳುತ್ತವೆ. ತುಂಬಿದ್ದನ್ನು ಕತ್ತಲೆ ಬಂದು ಖಾಲಿ ಮಾಡುವುದಿಲ್ಲ. ಟಾರ್ಚ್ ಒಂದು ಜಾಗದಲ್ಲಿ ಕ್ಷಣ ಹೊಳೆದು ಮುಂದೆ ಹೋದರೆ ಆ ಜಾಗದ ಬೋಗುಣಿಯಲ್ಲಿ ಬೆಳಕು ಹಾಗೇ ಉಳಿಯುತ್ತದೆ. ಹೀಗಾಗಿ ಗೆರೆ ಮೂಡುತ್ತದೆ. ಟಾರ್ಚ್ ಹಿಡಿದು ಚೌಕಟ್ಟಿನ ತುಂಬ ಓಡಾಡಿದವರು ಚಿತ್ರದಲ್ಲಿ ಕಾಣದಿರುವುದಕ್ಕೂ ಇದೇ ಕಾರಣ. ಕಪ್ಪು ಬಟ್ಟೆ ತೊಟ್ಟವರ ಮೈಯಿಂದ ಕ್ಯಾಮೆರಾಗೆ ಹೋಗುವ ಬೆಳಕು ಅತ್ಯಲ್ಪ, ಅದೂ ಒಂದು ಜಾಗದಲ್ಲಿ ಒಂದೆರಡು ಸೆಕೆಂಡ್ ಮಾತ್ರ.

ಇದರ ಇನ್ನೊಂದು ಮುಖವೂ ಇದೆ. ಬೆನ್ನ ಹಿಂದೆ ಬೆಳಗುವ ಅಂಗಡಿ ಫಲಕವಿದ್ದರೆ, ನೀವು ಅಡ್ಡ ನಿಂತ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಫಲಕದ ಬೆಳಕು ಬೋಗುಣಿಗೆ ಬೀಳುತ್ತಲೇ ಇರುತ್ತದೆ. ಆಗ ನಿಮ್ಮ ಮೈಯ ಮೂಲಕ ಫಲಕದ ಅಕ್ಷರ ಓದಬಹುದು. ಭೂತದ ಚಿತ್ರಗಳೆಂದು ಹರಿದಾಡುವ ಎಷ್ಟೋ ಫೋಟೋಗಳ ಗುಟ್ಟು ಇಷ್ಟೇ.

## ಮಳೆ ಬೇರೆ, ರಂಗೋಲಿ ಬೇರೆ

ಹೊಸಬರು ಎಡವುವುದು ಇಲ್ಲಿಯೇ. ಗೆರೆ ಮಂಕಾಗಿ ಬಂತು ಎಂದು ಶಟರನ್ನು 15 ಸೆಕೆಂಡಿನಿಂದ 30ಕ್ಕೆ ಏರಿಸುತ್ತಾರೆ. ಗೆರೆ ಅಷ್ಟೇ ಮಂಕಾಗಿರುತ್ತದೆ. ಹಿನ್ನೆಲೆ ಮಾತ್ರ ಬೆಳ್ಳಗಾಗುತ್ತದೆ.

ಕಾರಣ, ಒಂದೇ ಚೌಕಟ್ಟಿನೊಳಗೆ ಎರಡು ಬೇರೆ ಬೇರೆ ಲೆಕ್ಕ ನಡೆಯುತ್ತಿರುತ್ತದೆ. ಹಿನ್ನೆಲೆ, ಅಂದರೆ ಆಕಾಶ, ಗೋಡೆ, ಮರ, ನೆಲ, ಎಲ್ಲ ನಿಂತಲ್ಲೇ ನಿಂತಿರುತ್ತವೆ. ಅವುಗಳ ಬೆಳಕು ಸುರಿಯುವ ಮಳೆಯಂತೆ. ಅಂಗಳದಲ್ಲಿಟ್ಟ ಬಕೆಟ್ಟನ್ನು ಎರಡರಷ್ಟು ಹೊತ್ತು ಬಿಟ್ಟರೆ ಎರಡರಷ್ಟು ನೀರು. ಟಾರ್ಚಿನ ಗೆರೆಯಾದರೋ ರಂಗೋಲಿಯ ಎಳೆ. ಬೆರಳ ಸಂದಿಯಿಂದ ಪುಡಿ ಒಂದೇ ಸಮ ಬೀಳುತ್ತಿರುತ್ತದೆ. ಕೈ ಬೇಗ ಓಡಿದರೆ ಎಳೆ ತೆಳು, ನಿಧಾನಿಸಿದರೆ ದಪ್ಪ, ನಿಂತರೆ ಗುಡ್ಡೆ. ಬಾಗಿಲು ಅರ್ಧ ನಿಮಿಷ ತೆರೆದಿತ್ತೋ ಐದು ನಿಮಿಷವೋ, ಎಳೆಗೆ ಅದರ ಗೊಡವೆಯಿಲ್ಲ.

ಹಾಗಾದರೆ ಗೆರೆಯ ಪ್ರಖರತೆಯನ್ನು ತೀರ್ಮಾನಿಸುವುದು ಯಾವುದು? ಟಾರ್ಚಿನ ಶಕ್ತಿ, ಕೈಯ ವೇಗ, ಲೆನ್ಸಿನ ಕಿಂಡಿ, ಮತ್ತು ಐಎಸ್‌ಒ. ಕಿಂಡಿಗೆ ಅಪರ್ಚರ್ ಎನ್ನುತ್ತಾರೆ. ಅದನ್ನು ಎಫ್ ಸಂಖ್ಯೆಯಲ್ಲಿ ಹೇಳುವುದು ವಾಡಿಕೆ: ಎಫ್2.8, 4, 5.6, 8, 11, 16. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಈ ಸಾಲಿನಲ್ಲಿ ಒಂದು ಮೆಟ್ಟಿಲು ಮುಂದೆ ಹೋದರೆ ಒಳಬರುವ ಬೆಳಕು ಅರ್ಧವಾಗುತ್ತದೆ. ಐಎಸ್‌ಒ ಎಂದರೆ ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬ ಅಳತೆ. 100ರಿಂದ 200ಕ್ಕೆ ಏರಿಸಿದರೆ ಚಿತ್ರದ ಬೆಳಕು ಎರಡರಷ್ಟು. ಅಪರ್ಚರ್ ಮತ್ತು ಐಎಸ್‌ಒ ಗೆರೆಯನ್ನೂ ಹಿನ್ನೆಲೆಯನ್ನೂ ಮುಟ್ಟುತ್ತವೆ. ಶಟರಿನ ಅವಧಿ ಹಿನ್ನೆಲೆಯನ್ನು ಮಾತ್ರ ಮುಟ್ಟುತ್ತದೆ.

ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಗೆರೆ ಚೆನ್ನಾಗಿ ಬರುವಂತೆ ಅಪರ್ಚರ್ ಮತ್ತು ಐಎಸ್‌ಒ ಗೊತ್ತುಮಾಡಿ. ಅವೆರಡನ್ನೂ ಮತ್ತೆ ಮುಟ್ಟಬೇಡಿ. ಆಮೇಲೆ ಹಿನ್ನೆಲೆ ಎಷ್ಟು ಕಾಣಬೇಕೋ ಅಷ್ಟಕ್ಕೆ ಶಟರಿನ ಅವಧಿಯನ್ನು ಹೊಂದಿಸಿ.

ಗೆರೆ ಹೆಚ್ಚಾಯಿತೋ ಇಲ್ಲವೋ ಎಂದು ಬಣ್ಣ ನೋಡಿ ಹೇಳಬಹುದು. ಕೆಂಪು ಟಾರ್ಚಿನ ಗೆರೆ ನಡುವೆ ಬಿಳಿಯಾಗಿ ಅಂಚಿನಲ್ಲಷ್ಟೇ ಕೆಂಪಾಗಿದ್ದರೆ ಬೋಗುಣಿಗಳು ತುಂಬಿ ಚೆಲ್ಲಿವೆ. ಎಫ್8 ಇದ್ದದ್ದನ್ನು ಎಫ್11 ಅಥವಾ 16ಕ್ಕೆ ಇಳಿಸಿ, ಇಲ್ಲವೇ ಟಾರ್ಚಿಗೆ ಇನ್ನೊಂದು ಪದರ ಕಾಗದ ಸುತ್ತಿ. ಚೆಲ್ಲಿದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ತುಂಬಿಕೊಳ್ಳಲಾಗದು.

ಹೊಸಬರಿಗೆ ವಿಚಿತ್ರ ಅನ್ನಿಸುವ ಮಾತೊಂದಿದೆ: ಟಾರ್ಚ್ ಹಿಡಿದವರು ಕ್ಯಾಮೆರಾದಿಂದ 3 ಮೀಟರ್ ದೂರ ಇದ್ದರೂ 6 ಮೀಟರ್ ಇದ್ದರೂ ಗೆರೆಯ ಪ್ರಖರತೆ ಹೆಚ್ಚುಕಡಿಮೆ ಒಂದೇ. ದೂರ ಹೋದಾಗ ಟಾರ್ಚಿನ ಬಿಂಬ ಚಿಕ್ಕದಾಗುತ್ತದೆ, ಅದು ಸೆನ್ಸರಿನ ಮೇಲೆ ಓಡುವ ವೇಗವೂ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಒಂದಕ್ಕೊಂದು ಸರಿಹೋಗಿ ಗೆರೆ ತೆಳುವಾಗುತ್ತದೆಯೇ ಹೊರತು ಮಂಕಾಗುವುದಿಲ್ಲ.

## ಸಾಮಾನು

ಕ್ಯಾಮೆರಾದಲ್ಲಿ ಮ್ಯಾನುವಲ್ ಮೋಡ್, ಅಂದರೆ ಅಳತೆಗಳನ್ನೆಲ್ಲ ನಾವೇ ಇಡುವ ಅವಕಾಶ, ಇರಬೇಕು. ಹೆಚ್ಚಿನ ಕ್ಯಾಮೆರಾಗಳು 30 ಸೆಕೆಂಡಿನ ತನಕ ತಾವೇ ಲೆಕ್ಕ ಹಿಡಿಯುತ್ತವೆ. ಅದಕ್ಕೂ ಮೀರಿದರೆ ಬಲ್ಬ್ ಮೋಡ್ ಬೇಕು. ಅದರಲ್ಲಿ ಗುಂಡಿ ಒತ್ತಿದಷ್ಟು ಹೊತ್ತೂ ಬಾಗಿಲು ತೆರೆದಿರುತ್ತದೆ. ಗುಂಡಿಯನ್ನು ಬೆರಳಲ್ಲೇ ಒತ್ತಿ ಹಿಡಿದರೆ ಕ್ಯಾಮೆರಾ ನಡುಗುತ್ತದೆ. ಬೀಗ ಹಾಕಿಡಬಹುದಾದ ರಿಮೋಟ್ ಕೇಬಲ್ ಇದ್ದರೆ ಒಬ್ಬರೇ ಕೆಲಸ ಮಾಡಬಹುದು.

ಮೂರು ಕಾಲಿನ ಸ್ಟ್ಯಾಂಡ್, ಅಂದರೆ ಟ್ರೈಪಾಡ್, ತೂಕದ್ದಾದಷ್ಟೂ ಒಳ್ಳೆಯದು. ಹಗುರವಾಗಿದ್ದರೆ ನಡುಗಂಬಕ್ಕೆ ಬ್ಯಾಗನ್ನು ನೇತುಹಾಕಿ, ಆದರೆ ಬ್ಯಾಗ್ ಗಾಳಿಗೆ ತೂಗಾಡದಂತೆ ಅದರ ತಳ ನೆಲಕ್ಕೆ ತಾಗಿರಲಿ. ಕಡಲ ತೀರದಲ್ಲಿ ಕಾಲುಗಳು ಒದ್ದೆ ಮರಳಿನಲ್ಲಿ ನಿಧಾನ ಇಳಿಯುತ್ತವೆ, ಅರ್ಧ ನಿಮಿಷದೊಳಗೇ ಚಿತ್ರ ಎರಡಾಗಿ ಕಾಣಬಹುದು. ಮೊದಲೇ ಕಾಲುಗಳನ್ನು ಒತ್ತಿ ಹುಗಿಯಿರಿ, ಅಥವಾ ಅಡಿಗೆ ಚಪ್ಪಟೆ ಕಲ್ಲಿಡಿ.

ಬೆಳಕಿಗೆ ಕೀಚೈನಿನ ಎಲ್‌ಇಡಿ ಟಾರ್ಚೇ ಸಾಕು. ದೊಡ್ಡ ಟಾರ್ಚ್ ತಂದವರು ಅರ್ಧ ಹೊತ್ತು ಅದನ್ನು ಮಂಕು ಮಾಡುವುದರಲ್ಲೇ ಕಳೆಯುತ್ತಾರೆ. ಬಣ್ಣಕ್ಕೆ ಸ್ಟೇಷನರಿ ಅಂಗಡಿಯ ಜಿಲೇಟಿನ್ ಕಾಗದವನ್ನು ಎರಡು ಪದರ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಒಂದೇ ಪದರವಿದ್ದರೆ ಬಣ್ಣ ತೊಳೆದಂತೆ ಬರುತ್ತದೆ. ತುದಿಗೆ ಬಿಳಿ ಪ್ಲಾಸ್ಟಿಕ್ ಬಾಟಲಿ ಮುಚ್ಚಳ ಕೂರಿಸಿದರೆ ಬೆಳಕು ಎಲ್ಲ ದಿಕ್ಕಿಗೂ ಹರಡಿ, ಕೈ ಹೇಗೆ ತಿರುಗಿದರೂ ಗೆರೆ ಕಡಿಯುವುದಿಲ್ಲ. ಕಪ್ಪು ಅಂಗಿ, ಕಪ್ಪು ಪ್ಯಾಂಟು. ಕೈಗಡಿಯಾರದ ಪರದೆ, ಬೆಲ್ಟಿನ ಹೊಳೆಯುವ ಬಕಲು, ಬೂಟಿನ ಮೇಲಿನ ಮಿನುಗುಪಟ್ಟಿ ತೆಗೆಯಿರಿ ಅಥವಾ ಮುಚ್ಚಿ.

ಲೇಸರ್ ಪಾಯಿಂಟರ್ ಬೇಡ. ಅದರ ಕಿರಣ ನೇರ ಲೆನ್ಸಿಗೆ ಹೊಕ್ಕರೆ ಸೆನ್ಸರ್ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ದೊಡ್ಡ ನಷ್ಟ.

## ಮೊದಲ ಚಿತ್ರ

ಬೀದಿದೀಪ ನೇರ ಬೀಳದ ಜಾಗ ಹುಡುಕಿ. ಮನೆಯ ತಾರಸಿಯೋ ದೀಪ ಆರಿಸಿದ ಹಜಾರವೋ ಆದೀತು. ನಗರದ ದೀಪವಿರುವ ರಸ್ತೆಯಲ್ಲಿ ಎಫ್8, ಐಎಸ್‌ಒ 100ಕ್ಕೆ ಐದಾರು ಸೆಕೆಂಡಿನಲ್ಲೇ ಚಿತ್ರ ತುಂಬಿಬಿಡುತ್ತದೆ. ಹೆಸರು ಬರೆಯಲು ಸಮಯವೇ ಉಳಿಯದು. ಆಕಾಶದಲ್ಲಿ ನೀಲಿ ಬೇಕಿದ್ದರೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ನಂತರ ಶುರುಮಾಡಿ. ನಮ್ಮ ಅಕ್ಷಾಂಶದಲ್ಲಿ ಸಂಜೆ ಬೇಗ ಕಪ್ಪಾಗುತ್ತದೆ, ಒಳ್ಳೆಯ ನೀಲಿ ಇರುವುದು ಅಲ್ಲಿಂದ ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಅಷ್ಟರಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಅಳತೆಯೆಲ್ಲ ಮುಗಿಸಿರಬೇಕು.

ಶುರುವಿನ ಅಳತೆ: ಐಎಸ್‌ಒ 100, ಎಫ್8, 30 ಸೆಕೆಂಡ್. ಫೈಲ್ ರಾ (RAW) ಮಾದರಿಯಲ್ಲಿರಲಿ, ಅಂದರೆ ಸೆನ್ಸರ್ ಕಂಡದ್ದು ಸಂಸ್ಕರಿಸದೆ ಹಾಗೇ ಉಳಿಯಲಿ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋ ಬಿಟ್ಟು ಡೇಲೈಟ್‌ಗೆ ಹಾಕಿ, ಇಲ್ಲದಿದ್ದರೆ ಒಂದೊಂದು ಚಿತ್ರದಲ್ಲಿ ಬಣ್ಣ ಒಂದೊಂದು ಥರ. ಲೆನ್ಸ್ ಅಥವಾ ಕ್ಯಾಮೆರಾದಲ್ಲಿ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಆರಿಸಿ. ಸ್ಟ್ಯಾಂಡಿನ ಮೇಲಿರುವಾಗ ಇಲ್ಲದ ನಡುಕವನ್ನು ಸರಿಪಡಿಸಲು ಹೋಗಿ ಆ ವ್ಯವಸ್ಥೆಯೇ ಚಿತ್ರವನ್ನು ಅಲುಗಿಸಬಹುದು.

ಕತ್ತಲಲ್ಲಿ ಫೋಕಸ್ ತಾನಾಗಿ ಸಿಗುವುದಿಲ್ಲ. ಬರೆಯುವವರು ನಿಲ್ಲುವ ಜಾಗದಲ್ಲಿ ಒಬ್ಬರು ಟಾರ್ಚನ್ನು ತಮ್ಮ ಎದೆಯ ಮೇಲೆ ಬಿಟ್ಟುಕೊಂಡು ನಿಲ್ಲಲಿ. ಆ ಬೆಳಕಿನಲ್ಲಿ ಆಟೋಫೋಕಸ್ ಮಾಡಿ, ಕೂಡಲೇ ಲೆನ್ಸನ್ನು ಮ್ಯಾನುವಲ್‌ಗೆ ತಿರುಗಿಸಿ. ಇದನ್ನು ಮರೆತರೆ ಗುಂಡಿ ಒತ್ತಿದಾಗ ಲೆನ್ಸ್ ಮತ್ತೆ ಹುಡುಕಾಡುತ್ತದೆ. ಕೆಲವೊಮ್ಮೆ ಬಾಗಿಲೇ ತೆರೆಯದು. ನಿಂತ ಜಾಗಕ್ಕೊಂದು ಕಲ್ಲಿಟ್ಟು ಗುರುತು ಮಾಡಿ. ಎಫ್8ರಲ್ಲಿ ಹಿಂದೆ ಮುಂದೆ ಒಂದು ಹೆಜ್ಜೆ ಸರಿದರೂ ಸಾಮಾನ್ಯ ವೈಡ್ ಲೆನ್ಸ್ ಕ್ಷಮಿಸುತ್ತದೆ. ಎಫ್2ಕ್ಕೆ ಆ ಔದಾರ್ಯವಿಲ್ಲ.

ಟೈಮರ್ 10 ಸೆಕೆಂಡಿಗೆ ಇಟ್ಟು ಒತ್ತಿ, ಗುರುತಿನ ಬಳಿ ಹೋಗಿ. ಶಟರ್ ತೆರೆದ ಸದ್ದು ಕೇಳಿದ ಮೇಲೆ ಟಾರ್ಚ್ ಹೊತ್ತಿಸಿ, ಕ್ಯಾಮೆರಾ ಕಡೆಗೇ ತೋರಿಸುತ್ತ ಒಂದು ದೊಡ್ಡ ವೃತ್ತ ಬರೆಯಿರಿ, ಸುಮಾರು ಎರಡು ಸೆಕೆಂಡಿನಲ್ಲಿ. ಆರಿಸಿ. ಬೆಳಕಿಲ್ಲದೆ ಚೌಕಟ್ಟಿನಿಂದ ಆಚೆ ನಡೆಯಿರಿ. ಬರೆದವರ ಮುಖವೂ ಚಿತ್ರದಲ್ಲಿ ಬೇಕಿದ್ದರೆ, ಕೊನೆಗೆ ಅವರು ಕದಲದೆ ನಿಂತಿರುವಾಗ ಪಕ್ಕದಿಂದ ಇನ್ನೊಬ್ಬರು ಕೈಫ್ಲ್ಯಾಶನ್ನು ಒಮ್ಮೆ ಹೊಡೆಯಲಿ. ಫ್ಲ್ಯಾಶಿನ ಆ ಕ್ಷಣ ಮಾತ್ರ ಮುಖಕ್ಕೆ ದಾಖಲೆ.

ಚಿತ್ರ ತೆಗೆದ ಮೇಲೆ ಕ್ಯಾಮೆರಾ ಮತ್ತೆ ಅಷ್ಟೇ ಹೊತ್ತು ಪರದೆ ತೋರಿಸದೆ ಸುಮ್ಮನಿದ್ದರೆ ಕೆಟ್ಟಿಲ್ಲ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಚಾಲೂ ಇದೆ ಎಂದರ್ಥ. ಸೆನ್ಸರ್ ಬಿಸಿಯಾದಾಗ ಮೂಡುವ ಬಣ್ಣದ ಚುಕ್ಕೆಗಳನ್ನು ಗುರುತಿಸಲು ಅದು ಬಾಗಿಲು ಮುಚ್ಚಿಕೊಂಡೇ ಇನ್ನೊಂದು ಕಪ್ಪು ಚಿತ್ರ ತೆಗೆದು, ಮೊದಲಿನದರಿಂದ ಕಳೆಯುತ್ತದೆ. ಅಭ್ಯಾಸದ ಹೊತ್ತಿನಲ್ಲಿ ಇದನ್ನು ಆರಿಸಿಡಿ, ಕೊನೆಯ ಚಿತ್ರಕ್ಕೆ ಹಾಕಿಕೊಳ್ಳಿ.

## ಅಕ್ಷರ ಬರೆಯುವಾಗ

ಕ್ಯಾಮೆರಾಗೆ ಮುಖಮಾಡಿ ಬರೆದದ್ದು ಚಿತ್ರದಲ್ಲಿ ಕನ್ನಡಿಯೊಳಗಿನ ಬರಹದಂತೆ ತಿರುಗುಮುರುಗಾಗಿ ಬರುತ್ತದೆ. ಬೆನ್ನು ಮಾಡಿ ಬರೆದರೆ ಮೈಯೇ ಬೆಳಕಿಗೆ ಅಡ್ಡ. ತಲೆಕೆಡಿಸಿಕೊಂಡು ಉಲ್ಟಾ ಬರೆಯುವುದನ್ನು ಕಲಿಯುವ ಬದಲು ಮಾಮೂಲಿನಂತೆ ಬರೆದು, ಆಮೇಲೆ ಚಿತ್ರವನ್ನು ಅಡ್ಡಕ್ಕೆ ಮಗುಚಿದರಾಯಿತು. ಹಿಂದೆ ಯಾವುದಾದರೂ ನಾಮಫಲಕವಿದ್ದರೆ ಅದೂ ಮಗುಚುತ್ತದೆ ಎನ್ನುವುದನ್ನು ಮಾತ್ರ ಮರೆಯಬಾರದು.

ಕನ್ನಡದ ದುಂಡು ಅಕ್ಷರಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ತೋಳು ಸಹಜವಾಗಿ ಸುತ್ತುವುದೂ ದುಂಡಗೇ. ಮೂಲೆಗಳಿರುವ ಅಕ್ಷರದಲ್ಲಿ ಕೈ ತಿರುವಿನಲ್ಲಿ ತಡೆದು ನಿಂತು, ರಂಗೋಲಿ ಗುಡ್ಡೆಯಂತೆ ಬೆಳ್ಳಗಿನ ಚುಕ್ಕಿ ಬೀಳುತ್ತದೆ. ನಮಗೆ ತೊಡಕಾಗುವುದು ತಲೆಕಟ್ಟು, ಒತ್ತಕ್ಷರ, ದೀರ್ಘ, ಹೊಟ್ಟೆ ಸೀಳು. ಇವಕ್ಕೆಲ್ಲ ಬೆಳಕನ್ನು ಎತ್ತಿ ಬೇರೆಡೆ ಇಡಬೇಕು. ಸ್ವಿಚ್ ಒತ್ತುವುದಕ್ಕಿಂತ ಹೆಬ್ಬೆರಳಿನಿಂದ ಟಾರ್ಚಿನ ಬಾಯಿ ಮುಚ್ಚುವುದು ಸಲೀಸು. 'ಅಮ್ಮ' ಎಂದು ಬರೆಯುವಾಗ ಮುಖ್ಯ ಅಕ್ಷರ ತಲೆಯಿಂದ ಸೊಂಟದವರೆಗೆ ಬಂದರೆ, ಒತ್ತಿಗೆ ಬಗ್ಗಿ ಮೊಣಕಾಲಿನ ಮಟ್ಟಕ್ಕೆ ಇಳಿಯಬೇಕು. ಬಗ್ಗಲು ಮನಸ್ಸಾಗದೆ ಒತ್ತನ್ನು ಸೊಂಟದಲ್ಲೇ ಮುಗಿಸಿದರೆ ಅದು ಮೇಲಿನ 'ಮ' ಮೇಲೆ ಸವಾರಿ ಮಾಡುತ್ತದೆ.

ಒಂದು ಅಕ್ಷರಕ್ಕೆ ಸುಮಾರು ಎರಡು ಸೆಕೆಂಡ್, ನಂತರ ಬೆರಳು ಮುಚ್ಚಿ ಪಕ್ಕಕ್ಕೆ ಎರಡಡಿಯ ಒಂದು ಹೆಜ್ಜೆ. ಹೆಜ್ಜೆ ಹಾಕದೆ ಕೈಯನ್ನಷ್ಟೇ ಚಾಚಿದರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಮಾಮೂಲಿ ಫೋನ್ ಕ್ಯಾಮೆರಾ 5 ಮೀಟರ್ ದೂರದಲ್ಲಿ ಏಳು ಮೀಟರಿನಷ್ಟು ಅಗಲ ನೋಡುತ್ತದೆ. ಆರೇಳು ಅಕ್ಷರದ ಹೆಸರು ಆರಾಮವಾಗಿ ಹಿಡಿಸುತ್ತದೆ. ನೆಲದ ಮೇಲೆ ಅಕ್ಷರಕ್ಕೊಂದರಂತೆ ಕಡ್ಡಿ ಇಟ್ಟುಕೊಂಡರೆ ಸಾಲು ಸೊಟ್ಟಗಾಗದು. ಹಗಲಲ್ಲಿ ಒಮ್ಮೆ ಒಣ ತಾಲೀಮು ಮಾಡಿ. ನೋಡುವವರು ನಗುತ್ತಾರೆ, ಪರವಾಗಿಲ್ಲ.

## ಗೆರೆ ಚುಕ್ಕೆ ಚುಕ್ಕೆಯಾಗಿ ಬಂದರೆ

ಟಾರ್ಚನ್ನು ಮಂಕು ಮೋಡ್‌ಗೆ ಹಾಕಿ ಬರೆದಾಗ ಗೆರೆಯ ಬದಲು ಪೋಣಿಸಿದ ಮಣಿಗಳಂತೆ ಚುಕ್ಕೆಗಳು ಬರುವುದುಂಟು. ತಪ್ಪು ಕ್ಯಾಮೆರಾದ್ದಲ್ಲ. ಅಗ್ಗದ ಎಲ್‌ಇಡಿ ಟಾರ್ಚುಗಳು ಬೆಳಕು ತಗ್ಗಿಸುವುದು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸಿ. ನಿಂತು ನೋಡುವ ಕಣ್ಣಿಗೆ ಅದು ಬರೀ ಮಂಕು. ಓಡುವ ಟಾರ್ಚಿನಲ್ಲಿ ಆ ಮಿಟುಕಾಟ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ಮನೆಯ ವಿದ್ಯುತ್ತಿಗೆ ಸಿಕ್ಕಿಸಿದ ಸೀರಿಯಲ್ ಸೆಟ್ಟುಗಳೂ ಹೀಗೆಯೇ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅದು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಕೈ ಸೆಕೆಂಡಿಗೆ 2 ಮೀಟರ್ ಓಡಿದರೆ ಚುಕ್ಕೆಯಿಂದ ಚುಕ್ಕೆಗೆ 2 ಸೆಂಟಿಮೀಟರ್. ಅಖಂಡ ಗೆರೆ ಬೇಕಿದ್ದರೆ ಟಾರ್ಚನ್ನು ಪೂರ್ತಿ ಪ್ರಖರತೆಯಲ್ಲೇ ಇಟ್ಟು ಮೇಲೆ ಕಾಗದ ಸುತ್ತಿ ಮಂಕು ಮಾಡಿ. ಕೊಳ್ಳುವ ಮುಂಚೆ ಕತ್ತಲಲ್ಲಿ ಟಾರ್ಚನ್ನು ಜೋರಾಗಿ ಬೀಸಿ ನೋಡಿದರೆ ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ.

ನಮಗೆ ದೋಷವೆನಿಸುವ ಈ ಚುಕ್ಕೆಗಳನ್ನು ನೂರು ವರ್ಷಗಳ ಹಿಂದೆ ಬೇಕೆಂದೇ ಮಾಡಿಕೊಂಡವರಿದ್ದರು. ಅಮೆರಿಕದ ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ ಕಾರ್ಮಿಕರ ಬೆರಳಿಗೆ ಪುಟ್ಟ ಬಲ್ಬ್ ಕಟ್ಟಿ, ಶಟರ್ ತೆರೆದಿಟ್ಟು, ಕೈ ಎಲ್ಲೆಲ್ಲಿ ಅಲೆಯುತ್ತದೆ ಎಂದು ದಾಖಲಿಸುತ್ತಿದ್ದರು. ಕೆಲಸದಲ್ಲಿ ಅನಗತ್ಯ ಚಲನೆ ಎಷ್ಟು ಎಂದು ಲೆಕ್ಕ ಹಾಕುವುದು ಅವರ ಉದ್ದೇಶ. ಬಲ್ಬನ್ನು ನಿಗದಿತ ಲಯದಲ್ಲಿ ಮಿಟುಕಿಸಿದಾಗ ಚುಕ್ಕೆಗಳು ದೂರ ದೂರ ಬಿದ್ದಲ್ಲಿ ಕೈ ವೇಗವಾಗಿತ್ತು, ಒತ್ತಾಗಿ ಬಿದ್ದಲ್ಲಿ ನಿಧಾನಿಸಿತ್ತು ಎಂದು ತಿಳಿಯುತ್ತಿತ್ತು.

ಅವರಿಗೂ ಹಿಂದೆ, 1889ರಲ್ಲಿ, ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಮತ್ತು ಜಾರ್ಜ್ ದೆಮೆನಿ ಮನುಷ್ಯನ ಕೀಲುಗಳಿಗೆ ದೀಪ ಕಟ್ಟಿ ನಡಿಗೆಯನ್ನು ದಾಖಲಿಸಿದ್ದರು. ಈ ಬಗೆಯ ಚಿತ್ರಗಳಲ್ಲಿ ಗೊತ್ತಿರುವ ಮೊದಲನೆಯದು ಅದೇ. ಕಲಾವಿದರ ಕೈಗೆ ಬಂದದ್ದು ತಡವಾಗಿ. 1935ರಲ್ಲಿ ಮ್ಯಾನ್ ರೇ ಪುಟ್ಟ ಟಾರ್ಚಿನಿಂದ ಗಾಳಿಯಲ್ಲಿ ಗೀಚಾಡಿ ತನ್ನದೇ ಚಿತ್ರ ತೆಗೆದ. ಆ ಗೀಚಾಟದೊಳಗೆ ಅವನ ಸಹಿ ಅಡಗಿದೆ ಎಂದು ಎಲ್ಲೆನ್ ಕ್ಯಾರಿ ಎಂಬ ಛಾಯಾಗ್ರಾಹಕಿ ಪತ್ತೆಹಚ್ಚಿದ್ದು 2009ರಲ್ಲಿ, ಚಿತ್ರವನ್ನು ಕನ್ನಡಿಯಲ್ಲಿ ನೋಡಿದಾಗ. ಕನ್ನಡಿಬರಹದ ತೊಡಕು ಅವನಿಗೂ ತಪ್ಪಿರಲಿಲ್ಲ. 1949ರಲ್ಲಿ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಗ್ಯೋನ್ ಮಿಲಿ ದಕ್ಷಿಣ ಫ್ರಾನ್ಸಿನ ವಲ್ಲೊರೀಸ್‌ನಲ್ಲಿ ಪಿಕಾಸೊನನ್ನು ಭೇಟಿಯಾಗಿ, ಪಾದರಕ್ಷೆಗೆ ದೀಪ ಕಟ್ಟಿಕೊಂಡ ಸ್ಕೇಟಿಂಗ್ ಪಟುಗಳ ಚಿತ್ರಗಳನ್ನು ತೋರಿಸಿದ. ಪಿಕಾಸೊ ಕತ್ತಲ ಕೋಣೆಯಲ್ಲಿ ಪುಟ್ಟ ಬಲ್ಬ್ ಹಿಡಿದು ಅರ್ಧ ಮನುಷ್ಯ ಅರ್ಧ ಕುದುರೆಯ ಆಕೃತಿಯನ್ನು ಗಾಳಿಯಲ್ಲೇ ಬರೆದ. ಆ ಚಿತ್ರದಲ್ಲಿ ಅವನ ಮೈ ಸ್ಪಷ್ಟವಾಗಿ ಕಾಣುವುದು ಮೇಲೆ ಹೇಳಿದ ಫ್ಲ್ಯಾಶಿನ ಉಪಾಯದಿಂದಲೇ.

## ನೆಲದ ಮೇಲೊಂದು ಬೆಳಕಿನ ಗೋಳ

ಬೆಳಕಿನ ಗೋಳದ ಚಿತ್ರ ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ, ಹೇಗೆ? ಗಟ್ಟಿ ದಾರದ ತುದಿಗೆ ಪುಟ್ಟ ಎಲ್‌ಇಡಿ ಕಟ್ಟಿ, ಕೈಯಿಂದ ದೀಪದವರೆಗೆ 60ರಿಂದ 70 ಸೆಂಟಿಮೀಟರ್ ಇರಲಿ. ದೀಪವನ್ನು ನೆಟ್ಟಗೆ, ಬಂಡಿಯ ಗಾಲಿಯಂತೆ, ಸೆಕೆಂಡಿಗೆ ಒಂದು ಸುತ್ತು ತಿರುಗಿಸಿ. ತಿರುಗಿಸುತ್ತಲೇ ನೆಲದ ಮೇಲಿನ ಒಂದು ಗುರುತಿನ ಸುತ್ತ ನೀವು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಸರಿಯುತ್ತ ಹೋಗಿ. ಗಾಲಿ ತನ್ನ ಅಕ್ಕಪಕ್ಕ ಎರಡೂ ಬದಿಯನ್ನು ಒಟ್ಟಿಗೆ ಬರೆಯುವುದರಿಂದ ಅರ್ಧ ಪ್ರದಕ್ಷಿಣೆ ಸಾಕು. ದೀಪದ ಪ್ರತಿ ಸುತ್ತಿಗೂ ನೀವು ಏಳೆಂಟು ಡಿಗ್ರಿಯಂತೆ ಸರಿದರೆ ಸುಮಾರು 24 ಸುತ್ತು, 24 ಸೆಕೆಂಡ್. 30 ಸೆಕೆಂಡಿನ ಶಟರಿನೊಳಗೆ ಮುಗಿಯುತ್ತದೆ.

ಗೋಳ ಹೂಜಿಯಂತೆಯೋ ಒಡೆದ ಮೊಟ್ಟೆಯಂತೆಯೋ ಬಂದರೆ ದೀಪದ ತಳಬಿಂದು ಜಾರಿದೆ. ಪ್ರತಿ ಸುತ್ತಿನಲ್ಲೂ ದೀಪ ಅದೇ ಗುರುತಿನ ನೇರ ಮೇಲೆ, ನೆಲಕ್ಕೆ ಒಂದು ಗೇಣು ಎತ್ತರದಲ್ಲೇ ಹಾದುಹೋಗಬೇಕು. ತಿರುಗುವ ಕೇಂದ್ರ ನಿಮ್ಮ ಪಾದವಲ್ಲ, ಆ ಗುರುತು; ಪಾದ ಅದರ ಸುತ್ತ ಓಡಾಡಬೇಕು. ಮೊದಲ ಹತ್ತು ಗೋಳ ಯಾರಿಗೂ ದುಂಡಗೆ ಬರುವುದಿಲ್ಲ.

## ಸುಣ್ಣ ಬಳಿದಂತೆ

ಈವರೆಗೆ ಬೆಳಕು ಕ್ಯಾಮೆರಾ ಕಡೆ ಮುಖ ಮಾಡಿತ್ತು. ಬೆಳಕನ್ನು ವಸ್ತುವಿನ ಕಡೆ ತಿರುಗಿಸಿ ಅದನ್ನು ಬೆಳಗುವುದು ಇನ್ನೊಂದು ಬಗೆ. ಹಳೆಯ ಮರ, ಬಂಡೆ, ಎತ್ತಿನ ಗಾಡಿ, ಪಾಳು ಗೋಡೆ ಇದಕ್ಕೆ ಒಗ್ಗುತ್ತವೆ.

ಹುಣ್ಣಿಮೆಯ ಬೆಳದಿಂಗಳಲ್ಲಿ ನೆಲ ಆಕಾಶ ಕಾಣಬೇಕಾದರೆ ಎಫ್4, ಐಎಸ್‌ಒ 400, 30 ಸೆಕೆಂಡ್ ಒಳ್ಳೆಯ ಆರಂಭ. ದೀರ್ಘ ಅವಧಿಯ ಚಿತ್ರಕ್ಕೆ ಪ್ರತಿ ಸಲ ಎರಡು ನಿಮಿಷ ಕಾದು ನೋಡುವ ಬದಲು ಒಂದು ಲೆಕ್ಕ ಬಳಸಿ: ಐಎಸ್‌ಒ 6400ರಲ್ಲಿ 2 ಸೆಕೆಂಡಿಗೆ ಹಿನ್ನೆಲೆ ಸರಿಯಾಗಿ ಬಂದರೆ, ಐಎಸ್‌ಒ 100ರಲ್ಲಿ ಅದೇ ಕಿಂಡಿಗೆ 128 ಸೆಕೆಂಡ್ ಬೇಕು. ಐಎಸ್‌ಒ 64 ಪಟ್ಟು ಇಳಿದಾಗ ಸಮಯ 64 ಪಟ್ಟು ಏರಬೇಕು, ಅಷ್ಟೇ. ಚೌಕಟ್ಟು ಸರಿಯಿದೆಯೇ, ಫೋಕಸ್ ಸರಿಯಿದೆಯೇ ಎಂದು ನೋಡಲೂ ಆ 2 ಸೆಕೆಂಡಿನ ಒರಟು ಚಿತ್ರ ಸಾಕು.

ಟಾರ್ಚನ್ನು ಕ್ಯಾಮೆರಾ ಪಕ್ಕದಲ್ಲೇ ನಿಂತು ಬಿಟ್ಟರೆ ಮರ ಪಾಸ್‌ಪೋರ್ಟ್ ಫೋಟೋದಂತೆ ಚಪ್ಪಟೆಯಾಗಿ ಬರುತ್ತದೆ. ಎಡಕ್ಕೋ ಬಲಕ್ಕೋ ಹತ್ತಾರು ಹೆಜ್ಜೆ ಹೋಗಿ ಓರೆಯಾಗಿ ಬೆಳಗಿ. ತೊಗಟೆಯ ಏರುತಗ್ಗಿಗೆ ನೆರಳು ಬಿದ್ದು ಮೈ ತುಂಬಿಕೊಳ್ಳುತ್ತದೆ. ಕೈ ನಿಲ್ಲಬಾರದು. ಸುಣ್ಣ ಬಳಿಯುವವರು ಬ್ರಷ್ಷನ್ನು ಒಂದರ ಮೇಲೊಂದು ಬರುವಂತೆ ಎಳೆಯುವ ಹಾಗೆ ಬೆಳಕನ್ನು ಮೇಲಿಂದ ಕೆಳಗೆ ಎಳೆಯುತ್ತಿರಬೇಕು, ಇಲ್ಲವಾದರೆ ತೇಪೆ ತೇಪೆ. ಟಾರ್ಚಿನ ಬಾಯಿ ಕ್ಯಾಮೆರಾಗೆ ಕಂಡರೆ ಅಲ್ಲೊಂದು ಗೆರೆ ಬೀಳುತ್ತದೆ. ಕಪ್ಪು ಚಾರ್ಟ್ ಪೇಪರನ್ನು ಒಂದು ಗೇಣುದ್ದದ ಕೊಳವೆ ಮಾಡಿ ಟಾರ್ಚಿಗೆ ತೊಡಿಸಿದರೆ ಬಾಯಿ ಮರೆಯಾಗುತ್ತದೆ. ಎಲ್‌ಇಡಿಯ ನೀಲಿ ಛಾಯೆ ಕಲ್ಲಿಗೆ ಶವದ ಕಳೆ ತರುತ್ತದೆ. ತೆಳು ಹಳದಿ ಜಿಲೇಟಿನ್ ಒಂದು ಪದರ ಹಾಕಿ.

ಇಲ್ಲಿ ದೂರದ ಲೆಕ್ಕ ಪೂರಾ ಬೇರೆ. ಗಾಳಿಯಲ್ಲಿ ಬರೆದ ಗೆರೆಗೆ ದೂರದ ಹಂಗಿರಲಿಲ್ಲ. ಟಾರ್ಚಿನಿಂದ ವಸ್ತುವಿಗೆ ದೂರ ಎರಡರಷ್ಟಾದರೆ ಅದರ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. 3 ಮೀಟರ್ ದೂರದ ಪೊದೆಗೆ 5 ಸೆಕೆಂಡ್ ಸಾಕಾದರೆ 6 ಮೀಟರ್ ದೂರದ ಮರಕ್ಕೆ 20 ಸೆಕೆಂಡ್ ಬೇಕು. ಹತ್ತಿರದ ಹುಲ್ಲು ಸುಟ್ಟ ಬಿಳಿಯಾಗಿ, ಹಿಂದಿನ ಮರ ಕಪ್ಪಾಗಿ ಬರುವುದು ಈ ಲೆಕ್ಕ ತಪ್ಪಿದಾಗ.

ಹಳೆಯ ಗುಡಿ, ಕೋಟೆಗಳ ಮೇಲೆ ಎಲ್ಲರಿಗೂ ಕಣ್ಣು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಸಾಮಾನ್ಯವಾಗಿ ಸಂಜೆಯ ಮೇಲೆ ಪ್ರವೇಶವಿಲ್ಲ, ಟ್ರೈಪಾಡಿಗೆ ಮೊದಲೇ ಅನುಮತಿ ಪಡೆಯಬೇಕು. ಮಲೆನಾಡಿನ ಕಡೆ ಹೋದರೆ ಇಬ್ಬನಿಯ ಕಾಟ. ಗಂಟೆಯೊಳಗೆ ಲೆನ್ಸಿನ ಗಾಜು ಮಂಜಾಗಿ ಎಲ್ಲ ದೀಪಕ್ಕೂ ಪ್ರಭಾವಳಿ ಹುಟ್ಟುತ್ತದೆ. ಎರಡು ಚಿತ್ರಕ್ಕೊಮ್ಮೆ ಗಾಜನ್ನು ನೋಡಿ, ಒಣ ಹತ್ತಿಬಟ್ಟೆ ಜೇಬಿನಲ್ಲಿರಲಿ.

## ಫೋನಿನಲ್ಲಿ

ಹಲವು ಆಂಡ್ರಾಯ್ಡ್ ಫೋನುಗಳ ಕ್ಯಾಮೆರಾದಲ್ಲಿ ಅಳತೆಗಳನ್ನು ನಾವೇ ಇಡುವ ಪ್ರೊ ಮೋಡ್‌ನಲ್ಲಿ ಶಟರನ್ನು 30 ಸೆಕೆಂಡಿನವರೆಗೂ ಇಡಬಹುದು. ಕಿಂಡಿ ಕಿರಿದು ಮಾಡುವ ಸೌಲಭ್ಯ ಹೆಚ್ಚಿನ ಫೋನುಗಳಲ್ಲಿಲ್ಲ, ಅದು ಎಫ್1.8ರ ಆಸುಪಾಸಿನಲ್ಲೇ ಅಗಲವಾಗಿ ತೆರೆದಿರುತ್ತದೆ. ಹೀಗಾಗಿ ಐಎಸ್‌ಒವನ್ನು 50ಕ್ಕೋ 100ಕ್ಕೋ ಇಳಿಸಿ, ಟಾರ್ಚನ್ನು ಕಾಗದದಿಂದ ಚೆನ್ನಾಗಿ ಮಂಕು ಮಾಡಿ, ಕೈಯನ್ನು ಚುರುಕಾಗಿ ಓಡಿಸುವುದೇ ದಾರಿ.

ನೈಟ್ ಮೋಡ್ ಇದಕ್ಕೆ ಸಲ್ಲದು. ಅದು ಬಾಗಿಲನ್ನು ಒಂದೇ ಸಮ ತೆರೆದಿಡುವ ಬದಲು ಹಲವು ಚಿಕ್ಕ ಚಿತ್ರ ತೆಗೆದು ಹೊಂದಿಸುತ್ತದೆ, ಹೊಂದಿಸುವಾಗ ಓಡಾಡುವ ವಸ್ತುವನ್ನು ಅಳಿಸಲು ನೋಡುತ್ತದೆ. ಗೆರೆ ತುಂಡಾಗಿ ಬರುವುದು ಅದರಿಂದ. ಲೈಟ್ ಟ್ರೇಲ್ ಎಂಬ ಹೆಸರಿನ ಪ್ರತ್ಯೇಕ ಮೋಡ್ ಇದ್ದರೆ ಬಳಸಿ. ಅದೂ ಚಿಕ್ಕ ಚಿತ್ರಗಳನ್ನೇ ಸೇರಿಸುತ್ತದೆ, ಆದರೆ ಪ್ರತಿ ಬಿಂದುವಿನಲ್ಲೂ ಅತಿ ಹೆಚ್ಚು ಬೆಳಗಿದ್ದನ್ನು ಉಳಿಸಿಕೊಳ್ಳುತ್ತದೆ. ಒಲಿಂಪಸ್ ಕ್ಯಾಮೆರಾಗಳ ಲೈವ್ ಕಾಂಪೊಸಿಟ್ ಎಂಬ ಮೋಡ್ ಕೆಲಸ ಮಾಡುವುದೂ ಹೀಗೆಯೇ. ಅದರಲ್ಲಿ ಹಿನ್ನೆಲೆಯ ಮಳೆ ತುಂಬುವುದೇ ಇಲ್ಲ, ಹೊಸ ಗೆರೆ ಮಾತ್ರ ಸೇರುತ್ತದೆ. ದೀಪವಿರುವ ಬೀದಿಯಲ್ಲೂ ಬರೆಯಬಹುದು.

## ಉರಿಯುವ ಉಕ್ಕಿನ ನಾರು

ಕೊಡೆಯಂತೆ ಕಿಡಿ ಚಿಮ್ಮುವ ಚಿತ್ರಗಳನ್ನು ನೋಡಿ ಅಡುಗೆಮನೆಯ ಪಾತ್ರೆ ಉಜ್ಜುವ ಸ್ಟೀಲ್ ಜುಂಗನ್ನು ತಂದವರು ನಿರಾಶರಾಗುತ್ತಾರೆ. ಅದು ದಪ್ಪ ಎಳೆಯ ಸ್ಟೇನ್‌ಲೆಸ್, ಹತ್ತಿಕೊಳ್ಳುವುದಿಲ್ಲ. ಬೇಕಾದದ್ದು ಮರಕ್ಕೆ ಪಾಲಿಶ್ ಹಾಕುವವರು ಬಳಸುವ ಸ್ಟೀಲ್ ವೂಲ್, ನಾಲ್ಕು ಸೊನ್ನೆ ದರ್ಜೆಯದು. ಎಳೆ ಕೂದಲಿಗಿಂತ ತೆಳು. ಗಾಳಿ ಎಲ್ಲ ಎಳೆಗೂ ತಾಗುವುದರಿಂದ ಕಬ್ಬಿಣ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ತುಕ್ಕು ಹಿಡಿಯುವುದೂ ಇದೇ ಜಾತಿಯ ಕ್ರಿಯೆ, ಅಲ್ಲಿ ವರ್ಷ ಹಿಡಿಯುವುದು ಇಲ್ಲಿ ಕ್ಷಣದಲ್ಲಿ.

ಉಂಡೆಯನ್ನು ಸಡಿಲವಾಗಿ ಬಿಡಿಸಿ ಮೊಟ್ಟೆ ಕಲಕುವ ತಂತಿಯ ಬೀಟರಿನೊಳಗೆ ತುಂಬಿ, ಬೀಟರಿಗೆ ಒಂದು ಮೀಟರ್ ಸರಪಳಿ ಕಟ್ಟಿ ತಿರುಗಿಸುತ್ತಾರೆ. ಗಟ್ಟಿಯಾಗಿ ತುರುಕಿದರೆ ಗಾಳಿಯಾಡದೆ ಆರಿಹೋಗುತ್ತದೆ. 9 ವೋಲ್ಟ್ ಬ್ಯಾಟರಿಯ ಎರಡೂ ತುದಿ ತಾಗಿಸಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬ್ಯಾಟರಿ ಮತ್ತು ನಾರನ್ನು ಒಂದೇ ಚೀಲದಲ್ಲಿ ಒಯ್ಯಬಾರದು. ಐಎಸ್‌ಒ 100, ಎಫ್8ರಿಂದ 11, 15 ಸೆಕೆಂಡ್. ಉರಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಹಾರುವ ಕಿಡಿ ಎಂದರೆ ಕರಗಿದ ಕಬ್ಬಿಣ. ಹತ್ತಿ ಬಟ್ಟೆ, ತಲೆಗೆ ಟೋಪಿ, ಕೈಗವಸು, ಕನ್ನಡಕ ಬೇಕೇ ಬೇಕು. ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕ್ಯಾಮೆರಾ ಕನಿಷ್ಠ 10 ಮೀಟರ್ ದೂರ, ಲೆನ್ಸಿನ ಮೇಲೆ ಅಗ್ಗದ ಫಿಲ್ಟರ್. ಕಿಡಿ ಬಿದ್ದ ಗಾಜಿನಲ್ಲಿ ಕುಳಿ ಬೀಳುತ್ತದೆ. ಕಾಡಿನಂಚು, ಒಣಹುಲ್ಲು, ಹುಲ್ಲಿನ ಬಣವೆ, ಮರದ ಕಟ್ಟಡ, ಸ್ಮಾರಕ, ಪೆಟ್ರೋಲ್ ಬಂಕ್ ಇರುವಲ್ಲಿ ಬೇಡವೇ ಬೇಡ. ಫೆಬ್ರವರಿಯಿಂದ ಮೊದಲ ಮಳೆ ಬೀಳುವ ತನಕ ಬಯಲಿನಲ್ಲೂ ಬೇಡ. ಒದ್ದೆ ಮರಳು, ಹೊಳೆಯ ನಡುವಿನ ಬಂಡೆ, ಮಳೆ ನಿಂತ ಮೇಲಿನ ಸಿಮೆಂಟ್ ಅಂಗಳ ಸೂಕ್ತ. ಗಾಳಿ ಬೀಸುತ್ತಿದ್ದರೆ ಮನೆಗೆ ಹಿಂತಿರುಗಿ.

ಬಕೆಟ್ ನೀರು ಹಿಡಿದು ಒಬ್ಬರು ಪಕ್ಕದಲ್ಲಿ ಬರೀ ನೋಡುತ್ತಿರಬೇಕು, ಅವರ ಕೈಯಲ್ಲಿ ಫೋನ್ ಇರಬಾರದು. ತಿರುಗಿಸಿ ಮುಗಿದ ಬೀಟರನ್ನು ಆ ನೀರಿನಲ್ಲಿ ಅದ್ದಿ. ಕಪ್ಪಾಗಿ ತಣ್ಣಗೆ ಕಂಡರೂ ಒಳಗಿನ ನಾರು ಕೆಂಡವಾಗಿರುತ್ತದೆ. ಹೊರಡುವ ಮುನ್ನ ಎಲ್ಲ ಟಾರ್ಚ್ ಆರಿಸಿ ಕತ್ತಲಲ್ಲೇ ಐದು ನಿಮಿಷ ನಿಂತು ನೆಲವನ್ನು ಸುತ್ತಲೂ ನೋಡಿ, ಕೆಂಪಗೆ ಕಾಣುವ ಪ್ರತಿ ಚುಕ್ಕೆಗೂ ನೀರು ಹಾಕಿ.